ಬಳ್ಳಾರಿಯಲ್ಲಿ ಮರಳು ಸೋಸುವ ಗೋಬಿ: ಮೂರಡಿ ಉಪ್ಪುನೀರಿನ ಟ್ಯಾಂಕಿನ ಕೆಲಸದ ದಾಖಲೆ

ಮೀನು ಬ್ಲೂ ಡಾಟ್ ಸ್ಲೀಪರ್ ಗೋಬಿ, ಶಾಸ್ತ್ರೀಯ ಹೆಸರು ವ್ಯಾಲೆನ್ಸಿಯೆನಿಯಾ ಸೆಕ್ಸ್‌ಗುಟ್ಟಾಟ. ಬಿಳಿ ಮೈ, ಕೆನ್ನೆಯ ಮೇಲೆ ತಿಳಿನೀಲಿ ಚುಕ್ಕೆಗಳು, ಬೆನ್ನಿನ ಮೊದಲ ರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಬೊಟ್ಟು. ಬಾಯಿತುಂಬ ಮರಳು ಎತ್ತಿ, ಸಣ್ಣ ಹುಳಗಳನ್ನು ಒಳಗೆ ಉಳಿಸಿಕೊಂಡು, ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ದಿನವಿಡೀ ಇದೇ ಕೆಲಸ. ಅಂಗಡಿಗಳಲ್ಲಿ ಇದನ್ನು ‘ಮರಳು ಕ್ಲೀನ್ ಮಾಡುವ ಮೀನು’ ಎಂದು ಮಾರುತ್ತಾರೆ. ಆ ಮಾತು ನಂಬಿ ಹೊಸ ಟ್ಯಾಂಕಿಗೆ ತಂದವರ ಮೀನು ಕೆಲವೇ ತಿಂಗಳಲ್ಲಿ ಹೊಟ್ಟೆ ಒಳಸೇರಿ ಸಾಯುತ್ತದೆ. ಅದು ಮರಳು ಸೋಸುವುದು ಊಟಕ್ಕಾಗಿ. ಹೊಸ ಮರಳಲ್ಲಿ ಊಟವೇ ಇರುವುದಿಲ್ಲ.

ಅದಕ್ಕೇ ಈ ಟ್ಯಾಂಕಿನಲ್ಲಿ ಮೀನು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅಕ್ಟೋಬರಿನಲ್ಲಿ ಕಲ್ಲು ಎರಕ, ಡಿಸೆಂಬರಿನಲ್ಲಿ ನೀರು, ಫೆಬ್ರವರಿಯಿಂದ ಮರಳಿನ ಜೀವ, ಏಪ್ರಿಲ್–ಮೇ ಬಿಸಿಲಿನಲ್ಲಿ ಮೀನಿಲ್ಲದೆ ಪರೀಕ್ಷೆ, ಮಳೆ ಹಿಡಿದ ಮೇಲೆ ಗೋಬಿ. ಬಳ್ಳಾರಿಯಲ್ಲಿ ಬೇರೆ ಯಾವ ಕ್ರಮದಲ್ಲಿ ಮಾಡಿದರೂ ಮೊದಲ ಬೇಸಿಗೆಯ ಪ್ರಯೋಗ ಮೀನಿನ ಜೀವದ ಮೇಲೆಯೇ ನಡೆಯುತ್ತದೆ.

ಎರಡಡಿ ಟ್ಯಾಂಕ್ ಇರುವವರು ಇಲ್ಲೇ ನಿಲ್ಲುವುದು ಒಳ್ಳೆಯದು. ಈ ಮೀನು 14 ಸೆಂ.ಮೀ.ವರೆಗೆ ಬೆಳೆಯುತ್ತದೆ. ಹೆಚ್ಚು ಹೆಸರಾದ ಡೈಮಂಡ್ ಗೋಬಿ ಅದಕ್ಕಿಂತಲೂ ದೊಡ್ಡದಾಗುತ್ತದೆ, ಹಳದಿ ತಲೆಯ ಸ್ಟ್ರಿಗಾಟ 18 ಸೆಂ.ಮೀ. ಮುಟ್ಟುತ್ತದೆ. ಎರಡಡಿಗೆ ಹೊಂದುವುದು ಹಳದಿ ವಾಚ್‌ಮನ್ ಗೋಬಿ. ಅದು ಮರಳು ಸೋಸಿ ಬದುಕುವುದಿಲ್ಲ, ಬಿಲದ ಬಾಯಲ್ಲಿ ಕೂತು ತೇಲಿ ಬಂದದ್ದನ್ನು ಹಿಡಿಯುತ್ತದೆ. ಹಾಗಾಗಿ ಹಸಿವಿನ ತೊಂದರೆ ಕಡಿಮೆ.

ಹಂತ 1: ಜಾಗ, ಕಟ್ಟೆ, ಗಾಜು

ಪಶ್ಚಿಮದ ಗೋಡೆ ಬೇಡ. ಇಡೀ ಮಧ್ಯಾಹ್ನ ಕಾದ ಗೋಡೆ ರಾತ್ರಿ ಹತ್ತರವರೆಗೂ ಝಳ ಬಿಡುತ್ತದೆ. ಆರ್‌ಸಿಸಿ ಮೇಲ್ಛಾವಣಿಗೆ ತಾಗಿದ ಮೇಲಿನ ಮಹಡಿಯೂ ಬೇಡ. ನೆಲಮಹಡಿಯ ಈಶಾನ್ಯದ ಕೋಣೆ ಆರಿಸಿದ್ದು ಇದಕ್ಕೇ.

ಗಾಜು 8 ಮಿ.ಮೀ., ಅಳತೆ 36 × 18 × 18 ಇಂಚು. ಅಂಟಿಗೆ ಬೂಷ್ಟುನಾಶಕ ಬೆರೆಸದ ಸಿಲಿಕೋನ್ ಬೇಕು. ಬಚ್ಚಲುಮನೆಗೆಂದು ಮಾರುವ ಟ್ಯೂಬುಗಳಲ್ಲಿ ಅದು ಬೆರೆತಿರುತ್ತದೆ. ಗ್ಲಾಸ್ ಅಂಗಡಿಯವರಿಗೆ ಟ್ಯೂಬನ್ನು ನಾವೇ ಕೊಡುವುದು ಉತ್ತಮ. ಕೂಲಿ ಸೇರಿ 7,500 ರೂ. ನೀರು ತುಂಬಿ 48 ಗಂಟೆ ಅಂಗಳದಲ್ಲಿಟ್ಟು ಸೋರಿಕೆ ನೋಡಿದ ಮೇಲೆಯೇ ಒಳಗೆ ತಂದದ್ದು.

ತೂಕದ ಲೆಕ್ಕ ಹೀಗೆ: ನೀರು 145 ಲೀಟರ್, ಮರಳು 30 ಕೆಜಿ, ಕಲ್ಲು 14 ಕೆಜಿ, ಗಾಜು ಸುಮಾರು 33 ಕೆಜಿ. ಒಟ್ಟು 220 ಕೆಜಿ ದಾಟುತ್ತದೆ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಬಹುದು, ಆದರೆ ಉಪ್ಪುನೀರು ಸಿಡಿದ ಕಡೆಯೆಲ್ಲ ಬಣ್ಣದಡಿ ತುಕ್ಕು ಹಿಡಿಯುತ್ತದೆ. ಇಲ್ಲಿ ಕಡಪ ಕಲ್ಲು ಸುಲಭವಾಗಿ ಸಿಗುತ್ತದೆ. ಇಟ್ಟಿಗೆಯ ಮೂರು ಕಂಬ, ಮೇಲೆ 40 ಮಿ.ಮೀ. ದಪ್ಪದ ಕಡಪ ಹಾಸು, ಅದರ ಮೇಲೆ 12 ಮಿ.ಮೀ. ಥರ್ಮೊಕೋಲ್. ನಡುವಿನ ಕಂಬ ಬಿಡುವಂತಿಲ್ಲ. ಕಡಪ ಕಲ್ಲು ಬಾಗದು, ಭಾರ ಹೆಚ್ಚಾದರೆ ನೇರ ಸೀಳುತ್ತದೆ. ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ನೋಡಿ, 2 ಮಿ.ಮೀ. ವ್ಯತ್ಯಾಸವನ್ನು ಗಾರೆಯಲ್ಲೇ ಸರಿಪಡಿಸಲಾಯಿತು. ಖರ್ಚು 2,600 ರೂ. ಒಂದು ಎಚ್ಚರಿಕೆ: ಪಂಪುಗಳನ್ನು ವಿನೆಗರಿನಲ್ಲಿ ನೆನೆಸಿ ತೊಳೆಯುವಾಗ ಆ ಪಾತ್ರೆಯನ್ನು ಈ ಹಾಸಿನ ಮೇಲೆ ಇಡಬೇಡಿ. ಇದು ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಬಿಳಿ ಕಲೆ ಉಳಿಯುತ್ತದೆ.

ಹಂತ 2: ಕಲ್ಲು ಎರಕ (ಅಕ್ಟೋಬರ್)

ಸಮುದ್ರದಿಂದ ತೆಗೆದ ಹವಳದ ಕಲ್ಲು ಕೊಳ್ಳಬಾರದು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಯಾರಾದರೂ ‘ಲೈವ್ ರಾಕ್’ ಎಂದು ಗುಟ್ಟಾಗಿ ಕೊಡಲು ಬಂದರೆ ಬೇಡ ಎನ್ನಿ. ಸಿಮೆಂಟಿನಲ್ಲಿ ಎರಕ ಹೊಯ್ದ ಕಲ್ಲು ಈ ಮೀನಿಗೆ ಸಾಕು.

ಬೇಕಾದದ್ದು ಬಿಳಿ ಸಿಮೆಂಟ್, ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ಚೂರು, ಹರಳುಪ್ಪು. ಅಳತೆ ತೂಕದಲ್ಲಲ್ಲ, ಡಬ್ಬಿಯಲ್ಲಿ: ಸಿಮೆಂಟ್ 1, ಚಿಪ್ಪು 3, ಉಪ್ಪು 2. ಉಪ್ಪು ಆಮೇಲೆ ಕರಗಿ ಹೋಗಿ ರಂಧ್ರ ಉಳಿಸುತ್ತದೆ. ಮೊದಲ ಎರಕದಲ್ಲಿ ರಂಧ್ರ ಹೆಚ್ಚು ಬರಲೆಂದು ಉಪ್ಪು 3 ಪಾಲು ಹಾಕಿತ್ತು. ಆ ತುಂಡುಗಳು ಉಪ್ಪು ಕರಗಿದ ಮೇಲೆ ಹೆಬ್ಬೆರಳಿನ ಒತ್ತಿಗೇ ಪುಡಿಯಾದವು, ಎಲ್ಲ ಬಿಸಾಡಬೇಕಾಯಿತು. 2 ಪಾಲು ಮೀರಬೇಡಿ.

ಎರಡನೆಯ ಅಂಶ ನೀರು. ಒಣ ಸಾಮಾನು ಬೆರೆತ ಮೇಲೆ ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹಾಲು ಇಳಿಯಬಾರದು. ನೀರು ಹೆಚ್ಚಾದರೆ ಉಪ್ಪು ಅಲ್ಲೇ ಕರಗಿ ಕಲ್ಲು ಗಟ್ಟಿ ಹಲಗೆಯಾಗುತ್ತದೆ. ಬಾಂಡ್ಲಿಯಲ್ಲಿ ಒದ್ದೆ ಮರಳು ತುಂಬಿ, ಕೈಯಿಂದ ಗುಳಿ ಮಾಡಿ, ಅದರಲ್ಲಿ ಎರಕ. ಗವಿಯ ಬಾಯಿ ಬರುವ ಕಡೆ ಒದ್ದೆ ಮರಳಿನ ಮುದ್ದೆ ಇಟ್ಟು ಸುತ್ತ ಸಿಮೆಂಟ್ ಮೆತ್ತಿದರೆ ಒಣಗಿದ ಮೇಲೆ ಮರಳು ಉದುರಿ ಗವಿ ಉಳಿಯುತ್ತದೆ. ಎರಡು ದಿನಕ್ಕೆ ಬಿಡಿಸಿ, ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿ, ಆಮೇಲೆ ಡ್ರಮ್ಮಿನ ನೀರಿಗೆ. ಮೂರು-ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸುತ್ತ ಎಂಟು ವಾರ ನೆನೆಯಬೇಕು.

ಸಿಮೆಂಟಿನ ಕ್ಷಾರ ಇಳಿದಿದೆಯೇ ನೋಡುವ ಬಗೆ: ಒಂದು ಬಕೆಟ್ ಉಪ್ಪುನೀರಿನಲ್ಲಿ ಕಲ್ಲು ಮುಳುಗಿಸಿ, ಏರ್ ಸ್ಟೋನ್ ಹಾಕಿ ಎರಡು ದಿನ ಬಿಡಿ. ಪಿಎಚ್ 8.5 ದಾಟದಿದ್ದರೆ ತಯಾರು. ಬರಿಯ ಆರ್‌ಒ ನೀರಿನಲ್ಲಿ ಅಳೆದರೆ ಚಿಪ್ಪಿನ ಸುಣ್ಣವೇ ಪಿಎಚ್ ಏರಿಸಿ ದಾರಿ ತಪ್ಪಿಸುತ್ತದೆ. ಖರ್ಚು 450 ರೂ.

ಹಂತ 3: ಮರಳು

ಇಡೀ ಕೆಲಸದಲ್ಲಿ ಹೆಚ್ಚು ಹಣ ಮತ್ತು ಹೆಚ್ಚು ತಲೆ ಖರ್ಚಾಗಬೇಕಾದ್ದು ಇಲ್ಲಿ.

ತುಂಗಭದ್ರೆಯ ಮರಳು ಕಣ್ಣಿಗೆ ಚೆಂದ, ಕೈಗೆ ಎಟಕುವ ಬೆಲೆ. ಆದರೆ ಅಯಸ್ಕಾಂತ ಆಡಿಸಿ ನೋಡಿ, ಕಪ್ಪು ಕಣ ಅಂಟಿಕೊಳ್ಳುತ್ತವೆ. ಆ ಕಣ ಗಾಜು ಉಜ್ಜುವ ಅಯಸ್ಕಾಂತಕ್ಕೆ ಸಿಕ್ಕಿದರೆ ಗಾಜಿನ ಮೇಲೆ ಗೀರು ಖಚಿತ. ಎಂ-ಸ್ಯಾಂಡ್ ಎಂದರೆ ಒಡೆದ ಗ್ರಾನೈಟ್, ಪ್ರತಿ ಕಣಕ್ಕೂ ಚೂಪು ಅಂಚು. ದಿನವಿಡೀ ಬಾಯಿ-ಕಿವಿರಿನಲ್ಲಿ ಮರಳು ಆಡಿಸುವ ಮೀನಿಗೆ ಅದು ಬ್ಲೇಡು.

ವಿನೆಗರ್ ಹನಿ ಹಾಕಿ ನೊರೆ ಬಂದರೆ ಸುಣ್ಣದ ಮರಳು, ಹಾಗಾಗಿ ಬಳಸಬಹುದು ಎನ್ನುವ ಸಲಹೆ ಎಲ್ಲೆಡೆ ಕೇಳುತ್ತೇವೆ. ಈ ಪರೀಕ್ಷೆ ಅರ್ಧ ಮಾತ್ರ. ಮಾರ್ಬಲ್ ಚೂರಿಗೂ ನೊರೆ ಬರುತ್ತದೆ, ಅದೂ ಒಡೆದ ಕಲ್ಲೇ, ಅಂಚು ಚೂಪು. ಮೊಬೈಲಿನ ಮ್ಯಾಕ್ರೋದಲ್ಲಿ ಕಣಗಳ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಅಂಚು ದುಂಡಗಿರಬೇಕು. ಒದ್ದೆ ಮರಳನ್ನು ಮುಂಗೈ ಮೇಲೆ ತಿಕ್ಕಿದಾಗ ಉರಿ ಬಂದರೆ ಬೇಡ.

ಕೊನೆಗೆ ತರಿಸಿದ್ದು ಚೀಲದಲ್ಲಿ ಬರುವ ಅರಗೊನೈಟ್ ಎಂಬ ಸುಣ್ಣದ ಮರಳು, ಕಣದ ಅಳತೆ 0.5ರಿಂದ 1.5 ಮಿ.ಮೀ. ಕೆಜಿಗೆ 200 ರೂ.ನಂತೆ 30 ಕೆಜಿಗೆ 6,000 ರೂ. ಸಕ್ಕರೆಗಿಂತ ಸಣ್ಣ ಮರಳು ಹಾಕಿದರೆ ಮೀನು ಬಿಟ್ಟ ಪ್ರತಿ ಬಾಯಿ ಮರಳೂ ನೀರಲ್ಲಿ ಹೊಗೆಯಾಗಿ ತೇಲುತ್ತದೆ. 2 ಮಿ.ಮೀ. ದಾಟಿದರೆ ಸೋಸಲಾರದೆ ಉಗಿದು ಬಿಟ್ಟುಬಿಡುತ್ತದೆ. 30 ಕೆಜಿಗೆ ಈ ಟ್ಯಾಂಕಿನಲ್ಲಿ 5 ಸೆಂ.ಮೀ. ಆಳ ಬರುತ್ತದೆ.

ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲು ಇಟ್ಟರೆ ಗೋಬಿ ಅದರ ಬುಡ ತೋಡುತ್ತದೆ, ಕಲ್ಲು ಮೀನಿನ ಮೇಲೋ ಗಾಜಿನ ಮೇಲೋ ಕುಸಿಯುತ್ತದೆ. ಅರ್ಧ ಇಂಚಿನ ಪಿವಿಸಿ ಪೈಪನ್ನು 6 ಸೆಂ.ಮೀ. ತುಂಡು ಮಾಡಿ, ಪಕ್ಕಕ್ಕೆ ತೂತು ಕೊರೆದು, ಒಳಗೆ ಮರಳು ತುಂಬಿ ಪ್ರತಿ ದೊಡ್ಡ ಕಲ್ಲಿಗೂ ಮೂರು ಕಾಲು ಕೊಡಲಾಯಿತು. ಕಾಲು ನೇರ ತಳದ ಗಾಜಿನ ಮೇಲೆ ನಿಲ್ಲುತ್ತದೆ. ಕಲ್ಲಿಗೆ ಕಲ್ಲು ಹಿಡಿಸಲು ಸಯನೋಆಕ್ರಿಲೇಟ್ ಜೆಲ್ ಅಂಟು, ಅದರ ಮೇಲೆ ಚಿಟಿಕೆ ಒಣ ಅರಗೊನೈಟ್ ಪುಡಿ, ಕೂಡಲೇ ಕಲ್ಲಾಗುತ್ತದೆ. ದೊಡ್ಡ ಕಲ್ಲಿನ ಅಡಿ 1 ಇಂಚಿನ ಪಿವಿಸಿ ಪೈಪ್ 15 ಸೆಂ.ಮೀ. ಉದ್ದ, ಒಂದು ತುದಿ ಹೊರಗೆ ಕಾಣುವಂತೆ ಮರಳಲ್ಲಿ ಹೂಳಿದೆ. ಬಂದ ದಿನವೇ ಅಡಗಲು ಗೋಬಿಗೆ ಸಿದ್ಧ ಬಿಲ.

ಹಂತ 4: ನೀರು (ಡಿಸೆಂಬರ್)

ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನಿನ ಲೆಕ್ಕ: ಮನೆಯ ಬೋರ್ 1,140, ನಲ್ಲಿ ನೀರು 290, ಇಪ್ಪತ್ತು ಲೀಟರಿನ ಡಬ್ಬಿ ನೀರು 68. ಟ್ಯಾಂಕಿಗೆ ಬೇಕಾದದ್ದು 0. ಡಬ್ಬಿ ನೀರು ಕುಡಿಯಲು ಸರಿ, ಇಲ್ಲಿಗೆ ಸಾಲದು. ಬೇಸಿಗೆಯಲ್ಲಿ ದಿನಕ್ಕೆ 5 ಲೀಟರ್ ಆರಿ ಹೋದದ್ದನ್ನು ಆ ನೀರಿನಿಂದಲೇ ತುಂಬುತ್ತ ಹೋದರೆ ಅದರಲ್ಲಿರುವ ಸಿಲಿಕೇಟ್, ನೈಟ್ರೇಟ್ ಎಲ್ಲ ಟ್ಯಾಂಕಿನಲ್ಲೇ ಕೂಡುತ್ತವೆ, ಗಾಜಿನ ತುಂಬ ಕಂದು ಪಾಚಿ.

ಮನೆಬಳಕೆಯ ಆರ್‌ಒ ಯಂತ್ರಕ್ಕೆ ಮಿಕ್ಕ ಲವಣವನ್ನೂ ಹೀರುವ ಡಿಐ ರೆಸಿನ್ ಕೊಳವೆ ಸೇರಿಸಿದ ಘಟಕ 6,000 ರೂ. ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇದ್ದರೆ ಪೂರ್ತಿ ಮುಚ್ಚಬೇಕು, ಮಿನರಲ್ ಕಾರ್ಟ್ರಿಜ್ ಕಳಚಬೇಕು. ಯಂತ್ರಕ್ಕೆ ಬೋರ್ ನೀರು ಕೊಟ್ಟಾಗ ಪೊರೆ ದಾಟಿ 57 ಬಂತು, ನಲ್ಲಿ ನೀರು ಕೊಟ್ಟಾಗ 14. ರೆಸಿನ್ ಬಾಳಿಕೆ ಅದೇ ಲೆಕ್ಕದಲ್ಲಿ ನಾಲ್ಕು ಪಟ್ಟು. ನಲ್ಲಿ ಬರುವ ದಿನವೇ ನೀರು ತಯಾರಿಸಿಟ್ಟುಕೊಳ್ಳುವುದು ಲಾಭ.

ಉಪ್ಪು 20 ಕೆಜಿ ಬಕೆಟ್ 6,500 ರೂ. ಲೀಟರಿಗೆ 36.5 ಗ್ರಾಂನಂತೆ 145 ಲೀಟರಿಗೆ 5.3 ಕೆಜಿ ಹಿಡಿಯಿತು. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ; ಸುರಿದರೆ ಸುಣ್ಣದ ಅಂಶ ಬಿಳಿ ಪುಡಿಯಾಗಿ ತಳ ಹಿಡಿಯುತ್ತದೆ.

ಉಪ್ಪಿನ ಅಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರಿಯ ನೀರಿನಿಂದ ಸೊನ್ನೆಗೆ ತಂದರೆ ಸಾಲದು. ಚಿನ್ನ ತೂಗುವ ಬಗೆಯ ಸಣ್ಣ ತಕ್ಕಡಿಯಲ್ಲಿ 3.65 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ತೂಗಿ 96.35 ಗ್ರಾಂ ಆರ್‌ಒ ನೀರಿಗೆ ಕರಗಿಸಿ. ಆ ದ್ರಾವಣಕ್ಕೆ ಉಪಕರಣ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ 1.026 ತೋರಿಸುವಂತೆ ತಿರುಪು ತಿರುಗಿಸಿ. ಇಲ್ಲಿ ಸೊನ್ನೆಗೆ ಸರಿಯಾಗಿದ್ದ ಉಪಕರಣ 35ರ ಬಳಿ 2 ಪಿಪಿಟಿ ಹೆಚ್ಚು ತೋರಿಸುತ್ತಿತ್ತು.

ಸುತ್ತುನೀರಿಗೆ 6 ವ್ಯಾಟಿನ ಎರಡು ವೇವ್‌ಮೇಕರ್, ಎರಡೂ ಮರಳಿನಿಂದ 20 ಸೆಂ.ಮೀ. ಮೇಲೆ, ಮೂತಿ ತುಸು ಮೇಲ್ಮುಖ. ಕೆಳಗಿಟ್ಟರೆ ಗೋಬಿ ಎಬ್ಬಿಸಿದ ಮರಳು ಒಳಗೆ ಸೇರಿ ಇಂಪೆಲ್ಲರ್ ಸವೆಯುತ್ತದೆ. ಜೊತೆಗೆ ಹಿಂಬದಿಗೆ ತೂಗುಹಾಕುವ, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್, 5,500 ರೂ.

ಹಂತ 5: ಸೈಕಲ್, ಆಮೇಲೆ ಮರಳಿನ ಜೀವ (ಜನವರಿ–ಮಾರ್ಚ್)

ಸೈಕಲ್ ಎಂದರೆ ಮೀನಿನ ಕೊಳೆಯಿಂದ ಬರುವ ವಿಷ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ಮೊದಲೇ ಬೆಳೆಸುವುದು; ಅವಕ್ಕೆ ಊಟವಾಗಿ ಅಮೋನಿಯಂ ಕ್ಲೋರೈಡ್ ಹಾಕಬೇಕು. ಅದು ನಮ್ಮ ಕಲಾಯಿಯವರ ನವಸಾಗರವೇ. ಆದರೆ ಸಂತೆಯ ನವಸಾಗರ ಶುದ್ಧವಲ್ಲ, ಲ್ಯಾಬ್ ಕೆಮಿಕಲ್ ಅಂಗಡಿಯದೇ ತನ್ನಿ. 145 ಲೀಟರಿಗೆ 0.9 ಗ್ರಾಂ ಹಾಕಿದರೆ ಅಮೋನಿಯ 2 ಪಿಪಿಎಂ ಬರುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ, ಹೀಟರಿನಿಂದ 27 ಡಿಗ್ರಿ ಹಿಡಿಯಲಾಯಿತು. ಬಳ್ಳಾರಿಯ ಜನವರಿ ರಾತ್ರಿಗೆ 150 ವ್ಯಾಟ್ ಹೀಟರ್ ಬೇಕೇ ಬೇಕು, ಬಿಸಿಲೂರೆಂದು ಬಿಡುವಂತಿಲ್ಲ. ಅದೇ 0.9 ಗ್ರಾಂ ಮತ್ತೆ ಹಾಕಿದಾಗ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದರೆ ಸೈಕಲ್ ಮುಗಿದಂತೆ. ಇಲ್ಲಿ ಐದನೆಯ ವಾರಕ್ಕೆ ಇಳಿಯಿತು.

ಹೆಚ್ಚಿನವರು ಇಲ್ಲಿಗೇ ಮೀನು ತರುತ್ತಾರೆ. ಬೇರೆ ಮೀನಿಗೆ ಪರವಾಗಿಲ್ಲ, ಗೋಬಿಗೆ ಇದು ಖಾಲಿ ತಟ್ಟೆ.

ಮರಳಿಗೆ ಜೀವ ತುಂಬಲು ಹಾಕಿದ್ದು ಮೂರು. ಹಳೆಯ ಟ್ಯಾಂಕೊಂದರ ಮರಳು ಎರಡು ಲೋಟ, ಅದರಲ್ಲಿ ಸಣ್ಣ ಹುಳಗಳಿರುತ್ತವೆ. ಟಿಸ್ಬೆ ಜಾತಿಯ ಕೋಪೆಪಾಡ್ (ಚುಕ್ಕೆಯಷ್ಟು ಸಣ್ಣ, ಸೀಗಡಿಯ ಬಂಧು) ಬಾಟಲಿ. ಇವು ತಳದಲ್ಲೇ ಹರಿದಾಡುತ್ತವೆ, ಸ್ಕಿಮ್ಮರಿಗೆ ಸುಲಭಕ್ಕೆ ಸಿಗವು. ಆಂಫಿಪಾಡ್ ಎಂಬ ಸೀಗಡಿಯಂಥ ಸಣ್ಣ ಜೀವಿಗಳು ತುಂಬಿದ ಕೀಟೊಮಾರ್ಫ ಪಾಚಿಯ ಒಂದು ಮುಷ್ಟಿ. ಕೋಪೆಪಾಡ್ ಸುರಿದದ್ದು ರಾತ್ರಿ, ದೀಪ-ಪಂಪು ಎಲ್ಲ ಒಂದು ಗಂಟೆ ನಿಲ್ಲಿಸಿ, ಉದ್ದ ನಳಿಕೆಯಿಂದ ನೇರ ಮರಳಿನ ಮೇಲೆ. ಮೊದಲ ಬಾಟಲಿಯನ್ನು ಹಗಲಿನಲ್ಲಿ, ಪಂಪು ಓಡುವಾಗಲೇ ಸುರಿದದ್ದು ಬಹುಪಾಲು ಸ್ಕಿಮ್ಮರಿನ ಕಪ್ಪಿಗೇ ಹೋಯಿತು. ವಾರಕ್ಕೆರಡು ಸಲ ನ್ಯಾನೊಕ್ಲೊರೊಪ್ಸಿಸ್ ಎಂಬ ಸೂಕ್ಷ್ಮಪಾಚಿಯ ಹಸಿರು ನೀರು 15 ಮಿ.ಲೀ., ಜೊತೆಗೆ ಒಂದೆರಡು ಕಾಳು ಮೀನಿನ ಆಹಾರ ಪುಡಿಮಾಡಿ ಮರಳಿಗೆ.

ಈ ತಿಂಗಳುಗಳಲ್ಲಿ ಮರಳು ಕಂದಾಗುತ್ತದೆ, ಆಮೇಲೆ ತಾನೇ ತಿಳಿಯಾಗುತ್ತದೆ. ಕೈ ಹಾಕಿ ತೊಳೆಯಬೇಡಿ. ತೊಳೆದರೆ ಸಾಕುತ್ತಿರುವುದೇ ಹೊರಗೆ ಹೋಗುತ್ತದೆ.

ಸಾಕಷ್ಟು ಜೀವ ಬಂದಿದೆಯೇ ತಿಳಿಯಲು ಎರಡು ಪರೀಕ್ಷೆ. ದೀಪ ಆರಿ ಒಂದು ಗಂಟೆಯ ಮೇಲೆ ಟಾರ್ಚ್ ಹಿಡಿದರೆ ಗಾಜಿನ ಮೇಲೆ ಅಂಗೈ ಅಗಲದಲ್ಲಿ ಇಪ್ಪತ್ತು-ಮೂವತ್ತು ಬಿಳಿ ಚುಕ್ಕೆಗಳು ಹರಿದಾಡಬೇಕು. ಎರಡನೆಯದು ಇನ್ನೂ ಖಾತ್ರಿ: ಸೂಜಿ ತೆಗೆದ ಸಿರಿಂಜಿನ ಮೂತಿ ಕತ್ತರಿಸಿ, ಮೇಲ್ಪದರದ 10 ಮಿ.ಲೀ. ಮರಳು ಎಳೆದು ಬಿಳಿ ತಟ್ಟೆಗೆ ಹಾಕಿ. ಎಲ್ಲಿಂದ ಎಳೆದರೂ ಐದಾರಾದರೂ ಅಲುಗಾಡಬೇಕು. ಮಾರ್ಚಿನ ಮೊದಲಲ್ಲಿ ಕಲ್ಲಿನ ಬಳಿ ಮಾತ್ರ ಇತ್ತು, ಮುಂಬದಿ ಖಾಲಿ. ಏಪ್ರಿಲ್ ಕೊನೆಗೆ ಎಲ್ಲೆಡೆ ಬಂತು.

ಮರಳು ಸೋಸುವ ನಕ್ಷತ್ರಮೀನನ್ನು ಇದರ ಜೊತೆ ತರಬೇಡಿ. ಇಬ್ಬರಿಗೂ ಊಟ ಒಂದೇ, ಮೂರಡಿಯಲ್ಲಿ ಇಬ್ಬರಿಗೆ ಸಾಲದು.

ಹಂತ 6: ಬಿಸಿಲು ಮತ್ತು ಮುಚ್ಚಳ (ಏಪ್ರಿಲ್–ಮೇ)

ಗೋಬಿ ಹಾರುವ ಮೀನು. ಸದ್ದಿಗೆ ಬೆಚ್ಚಿದರೆ ನೇರ ಮೇಲಕ್ಕೆ ಚಿಮ್ಮುತ್ತದೆ, ಹಾಗಾಗಿ ಟ್ಯಾಂಕ್ ಮುಚ್ಚಿರಬೇಕು. ಬಳ್ಳಾರಿಯ ಬಿಸಿಲಿಗೆ ಅಗ್ಗದ ತಂಪು ಎಂದರೆ ನೀರಿನ ಮೇಲೆ ಫ್ಯಾನ್ ಗಾಳಿ, ಅದಕ್ಕೆ ಟ್ಯಾಂಕ್ ತೆರೆದಿರಬೇಕು. ಎರಡನ್ನೂ ಹೊಂದಿಸುವುದೇ ಈ ಹಂತದ ಕೆಲಸ. ಚಿಲ್ಲರ್ ಕೊಂಡರೆ ಈ ತಾಪತ್ರಯ ಇಲ್ಲ, ಆದರೆ ಅದರ ಬೆಲೆ ಮಿಕ್ಕ ಸಾಮಾನಿನ ಅರ್ಧದಷ್ಟಾಗುತ್ತದೆ. ಅದು ಬಿಸಿಗಾಳಿಯನ್ನು ಅದೇ ಕೋಣೆಗೆ ಉಗುಳುತ್ತದೆ ಬೇರೆ. ಇಲ್ಲಿಯ ಬೇಸಿಗೆ ಒಣ ಬೇಸಿಗೆ, ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನವರು ಈ ಲೆಕ್ಕ ನಂಬಿಕೊಳ್ಳಬಾರದು.

ಸಾಮಾನು: 12 ವೋಲ್ಟಿನ 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಎರಡು, 12 ವೋಲ್ಟ್ ಅಡಾಪ್ಟರ್, ಎಸ್‌ಟಿಸಿ-1000 ಉಷ್ಣತಾ ನಿಯಂತ್ರಕ. ಎಲ್ಲ ಸೇರಿ 1,150 ರೂ. ನಿಯಂತ್ರಕದಲ್ಲಿ ಎಫ್1 (ಬೇಕಾದ ಉಷ್ಣತೆ) = 26.5, ಎಫ್2 (ಅದರಿಂದ ಎಷ್ಟು ಏರಿದರೆ ಫ್ಯಾನ್ ಚಾಲೂ) = 0.5, ಎಫ್3 = 1. ಎಫ್3 ಎಂದರೆ ಕಂಪ್ರೆಸರ್ ಮತ್ತೆ ಚಾಲೂ ಆಗುವ ಮುನ್ನ ಕಾಯುವ ನಿಮಿಷ. ಫ್ಯಾನಿಗೆ ಕಾಯುವ ಅಗತ್ಯವಿಲ್ಲ, ಅದಕ್ಕೇ ಕನಿಷ್ಠ. ಅದರ ಸೆನ್ಸರನ್ನು ಗಾಜಿನ ಥರ್ಮಾಮೀಟರಿನ ಜೊತೆ ಒಂದೇ ಲೋಟದಲ್ಲಿಟ್ಟು ವ್ಯತ್ಯಾಸವನ್ನು ಎಫ್4ರಲ್ಲಿ ಸರಿಪಡಿಸಿ. ಈ ಟ್ಯಾಂಕಿನದು 0.8 ಡಿಗ್ರಿ ಕಡಿಮೆ ತೋರಿಸುತ್ತಿತ್ತು.

ಮೊದಲ ಮುಚ್ಚಳ ಕಿಟಕಿಯ ಸೊಳ್ಳೆ ಜಾಲರಿಯದು. ಅಲ್ಯುಮಿನಿಯಂ ಕೆಲಸದವರಿಂದ ಪೌಡರ್ ಕೋಟಿಂಗ್ ಇರುವ ಚೌಕಟ್ಟು ಮಾಡಿಸಿ, ರಬ್ಬರ್ ಬೀಡಿಂಗ್ ಹಾಕಿ ಬಿಗಿದದ್ದು. ಮೂರು ದಿನಕ್ಕೆ ಉಪ್ಪು ಕಟ್ಟಿ ಕಣ್ಣುಗಳು ಮುಚ್ಚಿದವು, ಒದ್ದೆ ಗಾಳಿ ಒಳಗೇ ನಿಂತಿತು. ಕೋಣೆ 37 ಡಿಗ್ರಿ ಇದ್ದ ಮಧ್ಯಾಹ್ನ ಫ್ಯಾನ್ ಓಡುತ್ತಿದ್ದರೂ ನೀರು 30.5ಕ್ಕೆ ಏರಿತು. ಚೌಕಟ್ಟು ಉಳಿಸಿಕೊಂಡು ಜಾಲರಿ ಬದಲಿಸಲಾಯಿತು. ಪಾರಿವಾಳದ ನೆಟ್ ಅಗ್ಗ, ಆದರೆ ಅದರ ಕಣ್ಣು ದೊಡ್ಡದು, 9 ಸೆಂ.ಮೀ. ಗೋಬಿಯ ತಲೆ ಸಲೀಸಾಗಿ ತೂರುತ್ತದೆ. ಸರಿಹೋದದ್ದು ಮೀನು ಬಲೆ ಮಾರುವ ಅಂಗಡಿಯ 6 ಮಿ.ಮೀ. ಕಣ್ಣಿನ ನೈಲಾನ್ ಬಲೆ. ಬಣ್ಣವಿಲ್ಲದ್ದು ಸಿಕ್ಕರೆ ಬೆಳಕೂ ಹೆಚ್ಚು ಇಳಿಯುತ್ತದೆ. ಅದೇ 37 ಡಿಗ್ರಿ ಕೋಣೆಯಲ್ಲಿ ಫ್ಯಾನ್ ನಿಲ್ಲಿಸಿದಾಗ ನೀರು 32.5, ಓಡಿಸಿದಾಗ 27.5. ಎರಡೂ ಮುಚ್ಚಳಕ್ಕೆ ಸೇರಿ 900 ರೂ.

ಫ್ಯಾನುಗಳು ಬಲೆಯ ಮೇಲೆ ನೇರ ಕೆಳಮುಖವಾಗಿ ಅಲ್ಲ, ಒಂದು ಅಂಚಿನಿಂದ ಓರೆಯಾಗಿ ನೀರಿನ ಮೈ ಸವರುವಂತೆ. ನೇರ ಊದಿದರೆ ಉಪ್ಪಿನ ಹನಿ ಸಿಡಿದು ಮೋಟಾರಿಗೆ ಹತ್ತುತ್ತದೆ. ಫ್ಯಾನಿನ ಹಿಂಬದಿಗೆ ತೆಳು ಸ್ಪಂಜು ಕಟ್ಟಿ. ನಮ್ಮೂರಿನ ಕೆಂಪು ಧೂಳು ಗಾಳಿಯ ಜೊತೆ ನೇರ ನೀರಿಗೆ ಬೀಳುತ್ತದೆ. ಮೇ ತಿಂಗಳಲ್ಲಿ ಆ ಸ್ಪಂಜು ವಾರಕ್ಕೊಮ್ಮೆ ತೊಳೆದಾಗ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು.

ಮುಚ್ಚಳದ ನಿಜವಾದ ತೂತು ಬಲೆಯಲ್ಲಿ ಇರುವುದಿಲ್ಲ, ಹಿಂಬದಿಯಲ್ಲಿ ಸ್ಕಿಮ್ಮರ್ ಮತ್ತು ವೈರುಗಳಿಗೆ ಬಿಟ್ಟ ಸಂದಿಯಲ್ಲಿರುತ್ತದೆ. ಹೆಬ್ಬೆರಳು ತೂರುವ ಸಂದಿಯಲ್ಲಿ ಗೋಬಿ ತೂರುತ್ತದೆ. ಉಳಿದ ಬಲೆಯನ್ನು ಸುರುಳಿ ಸುತ್ತಿ, ಕೇಬಲ್ ಟೈ ಹಾಕಿ ಪ್ರತಿ ಸಂದಿಗೂ ತುರುಕಿ.

ಆರಿದ ನೀರಿನ ಲೆಕ್ಕ: ಫ್ಯಾನ್ ಓಡುವ ಮೇ ದಿನಕ್ಕೆ 4.5ರಿಂದ 5 ಲೀಟರ್. ಒಂದು ದಿನ ತುಂಬದಿದ್ದರೆ 35 ಇದ್ದ ಉಪ್ಪು 36 ದಾಟುತ್ತದೆ. ಹಾಗಾಗಿ ಫ್ಲೋಟ್ ಸ್ವಿಚ್ ಇರುವ ಆಟೋ ಟಾಪ್-ಅಪ್, 1,600 ರೂ. ಸ್ವಿಚ್ ಒಂದು ದಿನ ಸಿಕ್ಕಿಹಾಕಿಕೊಳ್ಳುತ್ತದೆ ಎಂದೇ ಎಣಿಸಿ ತೊಟ್ಟಿಯ ಅಳತೆ ಇಡಬೇಕು. 10 ಲೀಟರ್ ಪೂರ್ತಿ ಒಳಗೆ ಬಂದರೂ ನೀರು 2.5 ಸೆಂ.ಮೀ. ಏರುತ್ತದೆ, ಅಂಚಿಗೆ ಇನ್ನೂ 2 ಸೆಂ.ಮೀ. ಉಳಿಯುತ್ತದೆ, ಉಪ್ಪು 32.7ಕ್ಕೆ ಇಳಿಯುತ್ತದೆ. ಮೀನು ತಡೆದುಕೊಳ್ಳುತ್ತದೆ. 50 ಲೀಟರ್ ಡ್ರಮ್ ಇಟ್ಟರೆ ತಡೆದುಕೊಳ್ಳದು, ಮನೆ ನೆಲವೂ ಉಳಿಯದು.

ಕರೆಂಟ್ ಹೋದಾಗ: ಮನೆಯ ಇನ್ವರ್ಟರಿಗೆ ಒಂದು ವೇವ್‌ಮೇಕರ್ ಮತ್ತು ಫ್ಯಾನುಗಳು ಮಾತ್ರ, ಎರಡೂ ಸೇರಿ 15 ವ್ಯಾಟ್ ಒಳಗೆ. ಹೀಟರ್, ದೀಪ, ಸ್ಕಿಮ್ಮರ್ ಬೇರೆ ಬೋರ್ಡಿಗೆ. ಇನ್ವರ್ಟರೂ ಕೈಕೊಟ್ಟರೆ ಬ್ಯಾಟರಿ ಏರ್ ಪಂಪ್. ಬಿಸಿ ನೀರಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಬೇಸಿಗೆಯಲ್ಲಿ ನೀರಿನ ಮೇಲ್ಮೈ ನಿಶ್ಚಲವಾಗಿ ನಿಲ್ಲಲು ಬಿಡಬಾರದು.

ಹಂತ 7: ಮೀನು (ಜುಲೈ)

ಕೊಳ್ಳುವ ಮುನ್ನ ನೋಡಬೇಕಾದದ್ದು ಮೂರು. ಪಕ್ಕದಿಂದ ನೋಡಿದರೆ ಹೊಟ್ಟೆ ಒಳಸೇರಿರಬಾರದು. ಮೇಲಿಂದ ನೋಡಿದರೆ ತಲೆಯ ಹಿಂದಿನ ಬೆನ್ನು ಚೂಪಾಗಿರಬಾರದು. ಅಲ್ಲಿ ಮಾಂಸ ಕರಗಿದ ಮೀನು ಹಿಂತಿರುಗುವುದು ಅಪರೂಪ. ಅಂಗಡಿಯವರು ಹಾಕಿದ ಮೈಸಿಸ್ (ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿಯಂಥ ಆಹಾರ) ತಿನ್ನುವುದನ್ನು ಕಣ್ಣಾರೆ ನೋಡಬೇಕು ಅಥವಾ ವಿಡಿಯೊ ಕೇಳಿ ತರಿಸಿಕೊಳ್ಳಬೇಕು. 9 ಸೆಂ.ಮೀ. ಮೀನು, 1,800 ರೂ., ಬೆಂಗಳೂರಿನಿಂದ ರಾತ್ರಿ ಪ್ರಯಾಣ. ಥರ್ಮೊಕೋಲ್ ಪೆಟ್ಟಿಗೆ, ಚೀಲದಲ್ಲಿ ಮೂರರಲ್ಲಿ ಎರಡು ಪಾಲು ಆಮ್ಲಜನಕ. ಹೊರಡುವ ಮುನ್ನ ಒಂದು ದಿನ ಊಟ ಕೊಡದಿರಲು ಹೇಳಿ.

ಚೀಲದ ಬಾಯಿ ತೆರೆದು ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುವ ಪದ್ಧತಿ ದೂರದ ಪ್ರಯಾಣ ಮಾಡಿ ಬಂದ ಮೀನಿಗೆ ಅಪಾಯ. ಚೀಲದಲ್ಲಿ ಅಮೋನಿಯ ಕೂಡಿರುತ್ತದೆ. ಮುಚ್ಚಿದ್ದಾಗ ಪಿಎಚ್ ತಗ್ಗಿರುವುದರಿಂದ ಅದರ ವಿಷ ಕಡಿಮೆ. ಬಾಯಿ ಬಿಚ್ಚಿ ಗಾಳಿ ತಾಗಿದ ಕೂಡಲೇ ಪಿಎಚ್ ಏರುತ್ತದೆ, ವಿಷವೂ ಏರುತ್ತದೆ. ಹೊರಡುವ ಮುನ್ನವೇ ಅಂಗಡಿಯ ನೀರಿನ ಉಪ್ಪು ಎಷ್ಟೆಂದು ಕೇಳಿ, ಕ್ವಾರಂಟೈನ್ ತೊಟ್ಟಿಯನ್ನು ಅದೇ ಉಪ್ಪಿಗೆ ಹೊಂದಿಸಿಡಿ. ಇಲ್ಲಿ ಅದು 30 ಪಿಪಿಟಿ ಇತ್ತು. ಚೀಲ 20 ನಿಮಿಷ ತೇಲಿಬಿಟ್ಟು, ತೆರೆದು, ಮೀನನ್ನು ಮಾತ್ರ ಎತ್ತಿ ಬಿಡುವುದು. 35ಕ್ಕೆ ಏರಿಸಿದ್ದು ಒಂದು ವಾರದಲ್ಲಿ.

ಕ್ವಾರಂಟೈನ್ 40 ಲೀಟರ್, ತಳ ಖಾಲಿ. ಆದರೆ ಮರಳೇ ಇಲ್ಲದೆ ಈ ಮೀನು ಮೂಲೆಯಲ್ಲಿ ಉಸಿರುಗಟ್ಟಿದಂತೆ ಕೂರುತ್ತದೆ. ಒಂದು ಅಗಲ ಬೋಗುಣಿಯಲ್ಲಿ 4 ಸೆಂ.ಮೀ. ನಯವಾದ ಸಿಲಿಕಾ ಮರಳು ಇಟ್ಟದ್ದರಿಂದ ಅದೇ ಸಂಜೆ ಸೋಸತೊಡಗಿತು. ಇಲ್ಲಿ ಅರಗೊನೈಟ್ ಬೇಡ. ತಾಮ್ರದ ಔಷಧ ಹಾಕುವ ಪ್ರಸಂಗ ಬಂದರೆ ಸುಣ್ಣದ ಮರಳು ಅದನ್ನು ಹೀರಿ ಅಳತೆ ಕೆಡಿಸುತ್ತದೆ. ಚೆನ್ನಾಗಿ ತಿಂದರೂ ತೆಳ್ಳಗಾಗುತ್ತ ಹೋದರೆ ಹೊಟ್ಟೆಹುಳದ ಅನುಮಾನ ಪಡಬೇಕು, ಅದಕ್ಕೆ ಔಷಧ ಕೊಡುವ ಜಾಗವೂ ಇದೇ, ದೊಡ್ಡ ಟ್ಯಾಂಕ್ ಅಲ್ಲ. ನಾಲ್ಕು ವಾರ ಇಲ್ಲೇ.

ಹಂತ 8: ಊಟ, ಅಗೆತ

ಮರಳಿನ ಜೀವ ಎಷ್ಟಿದ್ದರೂ ಮೂರಡಿ ಟ್ಯಾಂಕಿನಲ್ಲಿ ಅದೊಂದೇ ಈ ಮೀನನ್ನು ಸಾಕಲಾರದು. ದಿನಕ್ಕೆ ಮೂರು ಊಟ. ಬೆಳಿಗ್ಗೆ ಮತ್ತು ಸಂಜೆ ಕರಗಿಸಿದ ಮೈಸಿಸ್, ಮಧ್ಯಾಹ್ನ 1 ಮಿ.ಮೀ. ಮುಳುಗುವ ಪೆಲೆಟ್. ಮೇಲಿಂದ ಚೆಲ್ಲಿದರೆ ಅರ್ಧ ನೀರಿನ ಸೆಳೆತಕ್ಕೆ ಹೋಗುತ್ತದೆ. ಅರ್ಧ ಇಂಚಿನ ಅಕ್ರಿಲಿಕ್ ಕೊಳವೆಯ ತುದಿಯನ್ನು ಮರಳಿಗೆ ತಾಗಿಸಿ, ಮೇಲಿಂದ ಸಿರಿಂಜಿನಲ್ಲಿ ತಳ್ಳಿದರೆ ಊಟ ಮರಳಲ್ಲೇ ಕೂರುತ್ತದೆ. ಪ್ರತಿ ಸಲ ಬೇರೆ ಜಾಗ. ಒಂದೇ ಜಾಗವಾದರೆ ಅಲ್ಲಿ ಮಾತ್ರ ಕೊಳೆತು ಕಪ್ಪಾಗುತ್ತದೆ. ಮೈಸಿಸ್ ಸಿಗದ ದಿನ ಮಂಜುಗಡ್ಡೆಯಲ್ಲಿ ಬರುವ ಸಮುದ್ರದ ಸೀಗಡಿಯನ್ನು ಸಾಸಿವೆ ಗಾತ್ರಕ್ಕೆ ಕೊಚ್ಚಿ ಕೊಡಬಹುದು. ಸಂತೆಯ ಒಣ ಸೀಗಡಿ ಬೇಡ.

ವಾರಕ್ಕೊಮ್ಮೆ ಒಂದೇ ಕೋನದಿಂದ ಫೋಟೊ. ಕಣ್ಣಿಗೆ ಕಾಣದ ಇಳಿಕೆ ಎರಡು ಫೋಟೊ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಹೊಟ್ಟೆಯ ಗೆರೆ ನೇರವಾದರೆ ನಾಲ್ಕನೆಯ ಊಟ ಸೇರಿಸುವ ಹೊತ್ತು, ಒಳಬಾಗುವವರೆಗೆ ಕಾಯಬಾರದು.

ಅಗೆತದ ಬಗ್ಗೆ: ಹಿಂದಿನ ಎಡಮೂಲೆ ವಾರದೊಳಗೆ ಗಾಜು ಕಾಣುವಷ್ಟು ಬರಿದಾಯಿತು, ಮುಂದೆ 9 ಸೆಂ.ಮೀ. ದಿಬ್ಬ ಎದ್ದಿತು. ಸಮ ಮಾಡಿದಷ್ಟೂ ಮತ್ತೆ ತೋಡುತ್ತದೆ, ಬಿಟ್ಟುಬಿಡಿ. ಕಲ್ಲಿನ ಕಾಲು ಗಾಜಿನ ಮೇಲಿದ್ದುದರಿಂದ ಏನೂ ಅಲುಗಿಲ್ಲ. ಮೃದು ಹವಳ ಇಡುವುದಾದರೆ ಟ್ಯಾಂಕಿನ ಮೇಲಿನ ಅರ್ಧದಲ್ಲಿ ಮಾತ್ರ. ಕೆಳಗೆ ಇಟ್ಟದ್ದರ ಮೇಲೆ ದಿನವೂ ಮರಳು ಸುರಿಯುತ್ತದೆ. ಗಾಜು ಉಜ್ಜುವ ಅಯಸ್ಕಾಂತವನ್ನು ಮರಳಿನಿಂದ 3 ಸೆಂ.ಮೀ. ಮೇಲೆಯೇ ನಿಲ್ಲಿಸಿ, ಬುಡಕ್ಕೆ ಹಳೆಯ ಎಟಿಎಂ ಕಾರ್ಡ್ ಸಾಕು.

ಹದಿನೈದು ದಿನಕ್ಕೊಮ್ಮೆ 15 ಲೀಟರ್ ನೀರು ಬದಲಾವಣೆ. ಮರಳಿಗೆ ಸೈಫನ್ ಹಾಕುವುದಾದರೆ ಒಂದು ಸಲಕ್ಕೆ ಮೂರನೆಯ ಒಂದು ಭಾಗ ಮಾತ್ರ, ಮಿಕ್ಕ ಕಡೆ ಹುಳ ಉಳಿದಿರಬೇಕು. ನೈಟ್ರೇಟ್ 20 ಪಿಪಿಎಂ ಒಳಗೆ ನಿಂತಿದೆ.

ಖರ್ಚಿನಲ್ಲಿ ಮೇಲೆ ಹೇಳದೆ ಉಳಿದವು: ವೇವ್‌ಮೇಕರ್ ಎರಡಕ್ಕೆ 2,200, ದೀಪ 3,500, ರಿಫ್ರ್ಯಾಕ್ಟೋಮೀಟರ್ 1,400, ಟೆಸ್ಟ್ ಕಿಟ್‌ಗಳು 3,200, ಹೀಟರ್ 850. ಕ್ವಾರಂಟೈನ್ ತೊಟ್ಟಿ, ಕೋಪೆಪಾಡ್, ಆಹಾರ ಬಿಟ್ಟು ಒಟ್ಟು 51,150 ರೂ. ತಿಂಗಳಿಗೆ ಉಪ್ಪು 360 ರೂ., ವಿದ್ಯುತ್ ಹೀಟರ್ ಬಿಟ್ಟು 33 ಯೂನಿಟ್ ಆಸುಪಾಸು. ಹಣ ಕಡಿಮೆ ಮಾಡಬೇಕಾದರೆ ದೀಪದಲ್ಲಿ ಮಾಡಿ, ಈ ಮೀನಿಗೆ ಸಾಧಾರಣ ಬೆಳಕು ಸಾಕು. ಮರಳು, ಆರ್‌ಒ-ಡಿಐ, ಬಲೆ, ಈ ಮೂರರಲ್ಲಿ ಬೇಡ.

ಬಾಕಿ ಉಳಿದಿರುವ ಕೆಲಸ ಒಂದು: ಮರಳಿನ ಹುಳಗಳು ಮೀನು ಬಂದ ಮೇಲೆ ಮುಂಬದಿಯಲ್ಲಿ ಕಡಿಮೆಯಾಗಿವೆ, ಸಿರಿಂಜ್ ಪರೀಕ್ಷೆಯಲ್ಲಿ ಈಗ ಒಂದೆರಡೇ ಅಲುಗಾಡುತ್ತವೆ. ಗೋಬಿ ತಲುಪಲಾರದ 5 ಲೀಟರಿನ ಡಬ್ಬಿಯನ್ನು ಹಿಂಬದಿಗೆ ತೂಗುಹಾಕಿ, ಅದರಲ್ಲಿ ಕೀಟೊಮಾರ್ಫ ಬೆಳೆಸಿ, ಉಕ್ಕುವ ನೀರಿನ ಜೊತೆ ಕೋಪೆಪಾಡ್ ಟ್ಯಾಂಕಿಗೆ ಇಳಿಯುವಂತೆ ಮಾಡಬೇಕು. ಡಬ್ಬಿಗೆ 20 ಮಿ.ಮೀ. ತೂತು ಕೊರೆದಾಗಿದೆ, ಅದಕ್ಕೆ ಸೋರದಂತೆ ಪೈಪ್ ಹಿಡಿಸುವ ಬಲ್ಕ್‌ಹೆಡ್ ಬರಬೇಕು.